ಪರ-ವಿರೋಧ: ಬದುಕು ಜರ್ಮನಿಯಲ್ಲಿ ಮೇಲೋ, ಭಾರತದಲ್ಲೋ?

ಪರ: ಸಂಬಳದ ಚೀಟಿ ಓದಿ, ಜರ್ಮನಿಯೇ ಮೇಲು

ತಿಂಗಳಿಗೆ 5,000 ಯೂರೋ ಸಂಬಳ ಎಂದರೆ ಸಾಕು, ಕೇಳಿದವರು ರೂಪಾಯಿಗೆ ಗುಣಿಸಲು ಕೂರುತ್ತಾರೆ. ಮೊದಲು ಸಂಬಳದ ಚೀಟಿ ಓದಿ. ಮದುವೆಯಾಗದ ನೌಕರನ ಕೈಗೆ ಸಿಗುವುದು 3,100 ಯೂರೋ ಆಸುಪಾಸು. ಹೋದದ್ದರಲ್ಲಿ ಆದಾಯ ತೆರಿಗೆಗಿಂತ ದೊಡ್ಡ ಪಾಲು ನಾಲ್ಕು ವಿಮೆಗಳದು: ಪಿಂಚಣಿ, ಆರೋಗ್ಯ, ನಿರುದ್ಯೋಗ, ದೀರ್ಘಕಾಲದ ಆರೈಕೆ. ಪಿಂಚಣಿಗೆ ಸಂಬಳದ ಶೇ 18.6, ಆರೋಗ್ಯಕ್ಕೆ ಶೇ 14.6 ಮತ್ತು ವಿಮಾ ನಿಧಿ ವಿಧಿಸುವ ಹೆಚ್ಚುವರಿ ಕಂತು. ಇವೆರಡರಲ್ಲೂ ಅರ್ಧ ನೌಕರ ಕೊಟ್ಟರೆ ಅರ್ಧ ಕಂಪನಿ ಕೊಡುತ್ತದೆ.

ಈ ಕಡಿತ ಎಲ್ಲಿಗೂ ಸೋರಿ ಹೋಗುವುದಿಲ್ಲ. ಕಾಯಿಲೆ ಬಿದ್ದರೆ ಮೊದಲ 6 ವಾರ ಕಂಪನಿ ಪೂರ್ತಿ ಸಂಬಳ ಕೊಡಬೇಕು. ಆಮೇಲೂ ಏಳಲಾಗದಿದ್ದರೆ ಆರೋಗ್ಯ ವಿಮೆ ಒಟ್ಟು ಸಂಬಳದ ಶೇ 70ರಷ್ಟು ಕೊಡುತ್ತದೆ, ಆದರೆ ಕೈಗೆ ಬರುತ್ತಿದ್ದ ಸಂಬಳದ ಶೇ 90 ಮೀರದಂತೆ, ಒಂದು ಕಾಯಿಲೆಗೆ 3 ವರ್ಷದಲ್ಲಿ 78 ವಾರದ ಮಿತಿಯೊಳಗೆ. ಸಂಪಾದನೆಯಿಲ್ಲದ ಹೆಂಡತಿ ಅಥವಾ ಗಂಡ, ಮಕ್ಕಳು ಅದೇ ವಿಮೆಯಲ್ಲಿ ಬೇರೆ ಕಂತಿಲ್ಲದೆ ಸೇರುತ್ತಾರೆ. ಆಸ್ಪತ್ರೆಯಲ್ಲಿ ಮಲಗಿದ ದೊಡ್ಡವರು ಕೊಡಬೇಕಾದದ್ದು ದಿನಕ್ಕೆ 10 ಯೂರೋ, ಅದೂ ವರ್ಷದಲ್ಲಿ 28 ದಿನಕ್ಕೆ ಮಾತ್ರ. ರಜೆಯಲ್ಲಿದ್ದಾಗ ಜ್ವರ ಬಂದರೆ ವೈದ್ಯರ ಚೀಟಿ ತೋರಿಸಿ ಆ ರಜೆಯನ್ನು ವಾಪಸು ಪಡೆಯಬಹುದು! ಮಗು ಹುಟ್ಟಿದರೆ ತಂದೆ-ತಾಯಿ ಹಂಚಿಕೊಂಡು 14 ತಿಂಗಳವರೆಗೆ ಭತ್ಯೆ ತೆಗೆದುಕೊಳ್ಳುತ್ತಾರೆ, ಸಾಮಾನ್ಯವಾಗಿ ಕೈಗೆ ಬರುತ್ತಿದ್ದ ಸಂಬಳದ ಶೇ 65, ಗರಿಷ್ಠ 1,800 ಯೂರೋ.

ಕೆಲಸ ಹೋದರೆ? ಹಿಂದಿನ 30 ತಿಂಗಳಲ್ಲಿ 12 ತಿಂಗಳು ಕಂತು ಕಟ್ಟಿದ್ದರೆ ನಿವ್ವಳ ಸಂಬಳದ ಶೇ 60, ಮಕ್ಕಳಿದ್ದರೆ ಶೇ 67. ಇಲ್ಲಿ ಎಡವುವವರು ಬಹಳ. ನೋಟಿಸ್ ತಡವಾಗಿ ಬಂದರೆ ತಿಳಿದ 3 ದಿನದೊಳಗೆ ಉದ್ಯೋಗ ಕಚೇರಿಗೆ ತಿಳಿಸಬೇಕು, ತಪ್ಪಿದರೆ ಒಂದು ವಾರದ ಭತ್ಯೆ ಖೋತಾ. ಸರಿಯಾದ ಕಾರಣವಿಲ್ಲದೆ ತಾನೇ ರಾಜೀನಾಮೆ ಕೊಟ್ಟವನಿಗೆ 12 ವಾರ ಏನೂ ಇಲ್ಲ.

ನಮ್ಮಲ್ಲಿ ಇಎಸ್‌ಐ ಸೌಲಭ್ಯ 21,000 ರೂಪಾಯಿ ಸಂಬಳದವರೆಗೆ. ಅದರ ಮೇಲಿನವರಿಗೆ ಕಂಪನಿಯ ವಿಮೆಯೇ ಆಸರೆ, ಕೆಲಸ ಹೋದ ದಿನ ಅದೂ ಹೋಗುತ್ತದೆ. ಕೂಲಿಯವರ, ಗಾಡಿ ವ್ಯಾಪಾರದವರ ಮಾತು ಎತ್ತುವುದೇ ಬೇಡ. ಇಷ್ಟೆಲ್ಲ ಹೇಳಿದ ಮೇಲೂ ಎದುರು ಪಕ್ಷದವರು "ಅಲ್ಲಿ ಬಿಸಿ ಇಡ್ಲಿ ಸಿಗೋಲ್ಲ" ಎನ್ನುತ್ತಾರೆ. ಸಿಗುವುದಿಲ್ಲ, ಸರಿ. ಐಸಿಯು ಬಿಲ್ಲಿಗೆ ಇಡ್ಲಿ ಕೊಟ್ಟು ಬರಲಾಗುತ್ತದೆಯೇ?

ವಿರೋಧ: ಅಲ್ಲಿ ಒಗ್ಗರಣೆ ಹಾಕಿ ನೋಡಿ

ವಿರೋಧ ಬರೆಯಿರಿ ಎಂದಿದ್ದಾರೆ, ಬರೆಯುತ್ತೇನೆ. ವಿಮೆಯ ಲೆಕ್ಕಕ್ಕೆ ನಾನು ಹೋಗುವುದಿಲ್ಲ. ಕಾಯಿಲೆ ಎಂದೋ ಒಮ್ಮೆ ಬರುತ್ತದೆ, ಮನೆ ದಿನಾ ಬೇಕು. ಹೆರಿಗೆ ರಜೆಯಂತೂ ನಮ್ಮ ಕಾನೂನಿನಲ್ಲಿ 26 ವಾರ, ಅಲ್ಲಿ 14. ಮುಂದಕ್ಕೆ ಹೋಗೋಣ.

ಮುಂಗಡ ಎಂದು ಮೂರು ತಿಂಗಳ ಬಾಡಿಗೆಯವರೆಗೆ ಕೇಳುತ್ತಾರೆ, ಬೆಂಗಳೂರು ನೋಡಿದವರಿಗೆ ಅದು ಅಗ್ಗವೇ ಅನ್ನಿ. ಬೀಗ ತೆಗೆದು ಒಳಗೆ ಹೋದರೆ ಎಷ್ಟೋ ಮನೆಗಳಲ್ಲಿ ಅಡುಗೆಮನೆಯೇ ಇರುವುದಿಲ್ಲ. ಗೋಡೆಯಲ್ಲಿ ನೀರಿನ ಪೈಪು, ಒಲೆಯ ವಿದ್ಯುತ್ ತಂತಿ, ಅಷ್ಟೆ. ಸಿಂಕು, ಕಪಾಟು, ಒಲೆ ಬಾಡಿಗೆದಾರನೇ ಕೊಂಡು ಕೂಡಿಸಬೇಕು, ಇಲ್ಲವೇ ಹಿಂದಿದ್ದವರಿಂದ ದುಡ್ಡು ಕೊಟ್ಟು ಉಳಿಸಿಕೊಳ್ಳಬೇಕು. ಮನೆಗೆ ಬಂದ ಎರಡು ವಾರದೊಳಗೆ ವಿಳಾಸ ನೋಂದಣಿ ಆಗಬೇಕು. ಅದಕ್ಕೆ ಮಾಲೀಕರು ಸಹಿ ಮಾಡಿದ ಪತ್ರ ಬೇಕು; ಬಾಡಿಗೆ ಕರಾರು ಪತ್ರವನ್ನಷ್ಟೇ ಹಿಡಿದು ಹೋದವರು ವಾಪಸು ಬರುತ್ತಾರೆ.

ನಮ್ಮ ಅಡುಗೆಗೆ ಆ ಮನೆಗಳು ಕಟ್ಟಿದ್ದೇ ಅಲ್ಲ. ಚಳಿಗಾಲದಲ್ಲಿ ಕಿಟಕಿ ಭದ್ರ, ಒಳಗೆ ಕುಕ್ಕರಿನ ನಾಲ್ಕು ಸೀಟಿ, ಕುದಿಯುವ ಸಾರು, ಒಳಗೇ ಒಣಗುವ ಬಟ್ಟೆ. ಆ ಹಬೆ ಹೊರಗೋಡೆಯ ತಣ್ಣನೆಯ ಮೂಲೆಯಲ್ಲಿ ನೀರಾಗಿ ಕೂರುತ್ತದೆ, ಕೆಲವೇ ವಾರದಲ್ಲಿ ಕಪ್ಪು ಬೂಷ್ಟು. ಕಿಟಕಿಯನ್ನು ಸ್ವಲ್ಪ ಓರೆ ಮಾಡಿ ಇಡೀ ದಿನ ಬಿಟ್ಟರೆ ಗೋಡೆ ಇನ್ನೂ ತಣ್ಣಗಾಗಿ ಕೆಲಸ ಕೆಡುತ್ತದೆ. ದಿನಕ್ಕೆ ಮೂರು-ನಾಲ್ಕು ಸಲ, ಹೀಟರ್ ತಿರುಗಿಸಿ ಮುಚ್ಚಿ, ಎದುರುಬದುರು ಕಿಟಕಿಗಳನ್ನು ಪೂರ್ತಿ ತೆರೆದು 5 ನಿಮಿಷ ಗಾಳಿ ಆಡಿಸಬೇಕು. ಕಪಾಟನ್ನು ಹೊರಗೋಡೆಗೆ ಅಂಟಿಸದೆ ನಾಲ್ಕು ಬೆರಳು ಜಾಗ ಬಿಡಬೇಕು. ಬಿಡದವರ ಮುಂಗಡದಿಂದ ಗೋಡೆ ರಿಪೇರಿಯ ದುಡ್ಡು ಮುರಿದುಕೊಂಡರೆ ಜಗಳ ಶುರು.

ಊರಿನಿಂದ ಒಯ್ದ ಮಿಕ್ಸಿ ಓಡುತ್ತದೆ, ವೋಲ್ಟೇಜು ಒಂದೇ. ಪ್ಲಗ್ಗಿಗೆ ಅಡಾಪ್ಟರ್ ಬೇಕು. ಭಾನುವಾರ ಬೆಳಿಗ್ಗೆ ಚಟ್ನಿ ರುಬ್ಬಿದರೆ ಪಕ್ಕದ ಮನೆಯವರ ಮುಖ ನೋಡಬೇಕು, ಅಂದು ಊರಿಗೆ ಊರೇ ಸದ್ದಿಲ್ಲದೆ ಇರಬೇಕಾದ ದಿನ. ಕೊತ್ತಂಬರಿ ಮುಗಿದಿದ್ದರೆ ಅಂಗಡಿಯೂ ಮುಚ್ಚಿರುತ್ತದೆ, ರೈಲು ನಿಲ್ದಾಣದೊಳಗಿನದು ಬಿಟ್ಟು.

ಕ್ಷೌರ, ಮನೆಗೆಲಸ, ಕೊಳಾಯಿ ರಿಪೇರಿ ಇವೆಲ್ಲ ಅಲ್ಲಿ ಯೂರೋದಲ್ಲೇ ಕೊಡಬೇಕಾದ್ದರಿಂದ 3,100ನ್ನು ರೂಪಾಯಿಗೆ ಗುಣಿಸಬಾರದು ಎಂಬುದು ಎದುರು ಬರೆದವರಿಗೂ ಗೊತ್ತು.

ನಲ್ಲಿ ನೀರನ್ನು ನೇರವಾಗಿ ಕುಡಿಯಬಹುದು, ಅದೊಂದನ್ನು ಒಪ್ಪುತ್ತೇನೆ. ಆದರೆ ಮ್ಯೂನಿಕ್‌ನಂಥ ಕಡೆ ನೀರು ಗಡಸು. ಕೆಟಲ್ಲಿನ ತಳದಲ್ಲಿ ಬಿಳಿ ಪದರ ಕಟ್ಟುತ್ತದೆ, ಆಗಾಗ ವಿನೆಗರ್ ಹಾಕಿ ಕುದಿಸಿ ಚೆಲ್ಲಲೇಬೇಕು.