ಸ್ಟ್ರೈಕ್ ಬೆಲೆ ಕಡಿಮೆ ಇದ್ದರೆ ಲಾಭ ಗ್ಯಾರಂಟಿ ಅನ್ನೋದು ತಪ್ಪು

ಚಿಕ್ಕಮಗಳೂರಿನ ಕಾಫಿ ಬೆಳೆಗಾರರ ವಾಟ್ಸಾಪ್ ಗ್ರೂಪ್‌ಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ: "ಶೇರು 500 ರೂಪಾಯಿ ಇದ್ದಾಗ 460ರ ಸ್ಟ್ರೈಕ್‌ನ ಕಾಲ್ ಆಪ್ಷನ್ ತಗೊಳ್ಳಿ, 40 ರೂಪಾಯಿ ಆಗಲೇ ಜೇಬಿಗೆ." ಇದು ತಪ್ಪು. ಕಾಲ್ ಆಪ್ಷನ್ ಅಂದರೆ ಒಂದು ಶೇರನ್ನು ಮೊದಲೇ ಗೊತ್ತುಮಾಡಿದ ಬೆಲೆಗೆ ಕೊಳ್ಳುವ ಹಕ್ಕು; ಆ ಬೆಲೆಯೇ ಸ್ಟ್ರೈಕ್. ದಯವಿಟ್ಟು ಕಾಫಿ ಮಾರಿದ ದುಡ್ಡನ್ನು ಇದನ್ನು ನಂಬಿ ಹಾಕಬೇಡಿ.

ಆ 40 ರೂಪಾಯಿ ಪ್ರೀಮಿಯಂನಲ್ಲೇ, ಅಂದರೆ ಆ ಹಕ್ಕಿಗೆ ನೀವು ಕೊಡುವ ಬೆಲೆಯಲ್ಲೇ, ಸೇರಿರುತ್ತದೆ. ಮಾರುವವನು ಸುಮ್ನೆ ಬಿಟ್ಟುಕೊಡಲ್ಲ ಅಲ್ವಾ? ಇನ್ನೂ ದಿನ ಉಳಿದಿದೆ, ಬೆಲೆ ಏರಬಹುದು ಅಂತ ಅದರ ಮೇಲೆ ಇನ್ನಷ್ಟು ಕೇಳುತ್ತಾನೆ. ಪ್ರೀಮಿಯಂ 52 ಅಂತಿಟ್ಟುಕೊಳ್ಳಿ. ಎಕ್ಸ್‌ಪೈರಿ ದಿನ (ಆಪ್ಷನ್ ಅವಧಿ ಮುಗಿಯುವ ದಿನ) ಶೇರು ಅದೇ 500ರಲ್ಲಿ ನಿಂತರೂ ಕೈಗೆ ಸಿಗೋದು 40ರಷ್ಟೇ, ಅಂದರೆ ಶೇರಿಗೆ 12 ರೂಪಾಯಿ ನಷ್ಟ. 512 ದಾಟಿದ ಮೇಲೇ ಲಾಭ, ಅದೂ ಬ್ರೋಕರೇಜ್, ತೆರಿಗೆ ಲೆಕ್ಕ ಹಿಡಿಯದೆ. 460ಕ್ಕೆ ಇಳಿಯಿತೋ, 52 ಪೂರ್ತಿ ಹೋಯಿತು. ಸ್ಟ್ರೈಕ್ ಇದ್ದಲ್ಲೇ ಇರುತ್ತದೆ, ಏರಿಳಿಯೋದು ಮಾರುಕಟ್ಟೆ ಬೆಲೆ ಮಾತ್ರ.

ಮೆಸೇಜ್‌ನಲ್ಲಿ ಇಲ್ಲದ ಇನ್ನೊಂದು ವಿಷಯ ನನಗೆ ಜಾಸ್ತಿ ಆತಂಕ ತರುತ್ತದೆ. 2019ರ ಅಕ್ಟೋಬರ್‌ನಿಂದ ನಮ್ಮಲ್ಲಿ ಶೇರಿನ ಆಪ್ಷನ್‌ಗಳಿಗೆಲ್ಲ ಡೆಲಿವರಿ, ಅಂದರೆ ಶೇರನ್ನೇ ಕೊಟ್ಟು ತೆಗೆದುಕೊಳ್ಳೋದು, ಕಡ್ಡಾಯ. ಎಕ್ಸ್‌ಪೈರಿವರೆಗೆ ಇಟ್ಟುಕೊಂಡು, ಮಾರುಕಟ್ಟೆ ಬೆಲೆ ಸ್ಟ್ರೈಕ್‌ಗಿಂತ ಮೇಲಿದ್ದರೆ, ಇಡೀ ಲಾಟನ್ನು (ಒಂದು ಆಪ್ಷನ್‌ನಲ್ಲಿ ಸೇರಿರುವ ಅಷ್ಟೂ ಶೇರುಗಳನ್ನು) 460ರಂತೆ ದುಡ್ಡು ಕೊಟ್ಟು ಬಿಡಿಸಿಕೊಳ್ಳಬೇಕು. 1,000 ಶೇರಿನ ಲಾಟ್ ಆದರೆ 4.6 ಲಕ್ಷ ರೂಪಾಯಿ! ನಿಫ್ಟಿ ಸೂಚ್ಯಂಕದ ಆಪ್ಷನ್‌ಗೆ ಇದಿಲ್ಲ, ಅಲ್ಲಿ ವ್ಯತ್ಯಾಸದ ಹಣವಷ್ಟೇ ಕೈ ಬದಲಾಗುತ್ತದೆ. ಅಷ್ಟು ದುಡ್ಡು ಇಲ್ಲದವರು ಎಕ್ಸ್‌ಪೈರಿಗೆ ಮೊದಲೇ ಆಪ್ಷನ್ ಮಾರಿಬಿಡಿ.