ಬಾಗಿಲ ಮೆಟಲ್ ಡಿಟೆಕ್ಟರ್‌ನಲ್ಲಿ ಎಕ್ಸ್‌ರೇ ಇಲ್ಲ

ಹಬ್ಬ ಬಂತೆಂದರೆ ವಾಟ್ಸಾಪ್‌ನಲ್ಲಿ ಒಂದು ಮೆಸೇಜ್ ಮತ್ತೆ ಓಡಾಡುತ್ತದೆ. ದೇವಸ್ಥಾನ, ಮಸೀದಿ, ಚರ್ಚ್‌ಗಳ ಬಾಗಿಲಲ್ಲಿರುವ ಮೆಟಲ್ ಡಿಟೆಕ್ಟರ್ ಎಕ್ಸ್‌ರೇ ಬಿಡುತ್ತದೆ, ಗರ್ಭಿಣಿಯರು ಹೋಗಬಾರದು ಅಂತ. ಇದು ತಪ್ಪು.

ಆ ಚೌಕಟ್ಟಿನೊಳಗೆ ಇರುವುದು ತಂತಿಯ ಸುರುಳಿ. ಅದರಲ್ಲಿ ಕರೆಂಟ್ ಹರಿದು ಸಣ್ಣ ಕಾಂತಕ್ಷೇತ್ರ ಹುಟ್ಟುತ್ತದೆ. ಲೋಹ ಹತ್ತಿರ ಬಂದರೆ ಆ ಕ್ಷೇತ್ರ ಬದಲಾಗುತ್ತದೆ, ಬೀಪ್ ಅನ್ನುತ್ತದೆ, ಅಷ್ಟೇ. ಎಕ್ಸ್‌ರೇ ಇರುವುದು ಬ್ಯಾಗ್ ಹಾಕುವ ಬೆಲ್ಟ್ ಮೆಷಿನ್‌ನಲ್ಲಿ. ಅಲ್ಲೂ ಕಿರಣ ಹೊರಬರದಂತೆ ಸೀಸದ ಪರದೆ ಇರುತ್ತದೆ.

ನೀವೇ ನೋಡಿ. ಎಕ್ಸ್‌ರೇ ಅಂದರೆ ಚಿತ್ರ ಬರಬೇಕು, ಅಲ್ವಾ? ಬಾಗಿಲ ಚೌಕಟ್ಟಿನಲ್ಲಿ ಚಿತ್ರ ತೋರಿಸುವ ಪರದೆಯೇ ಇಲ್ಲ. ಜೇಬಿನ ಬೀಗದಕೈಗೆ ಕೂಗುತ್ತದೆ, ಕೈಯಲ್ಲಿರುವ ಮಲ್ಲಿಗೆ ಹೂವಿಗೆ ಸುಮ್ನಿರುತ್ತದೆ. ಮೆಸೇಜ್‌ನಲ್ಲಿ ತಾರೀಖು ಇದೆಯಾ, ಯಾವ ಮೆಷಿನ್ ಅಂತ ಇದೆಯಾ, ಅದನ್ನೂ ಗಮನಿಸಿ. ಅನುಮಾನ ಉಳಿದರೆ ನಿಮ್ಮ ಡಾಕ್ಟರನ್ನೇ ಕೇಳಿ.

ಪೇಸ್‌ಮೇಕರ್ (ಹೃದಯ ಬಡಿತ ಸರಿಯಾಗಿಡಲು ದೇಹದೊಳಗೆ ಇಡುವ ಸಾಧನ) ಇರುವವರು ಮಾತ್ರ ಚೌಕಟ್ಟಿನಲ್ಲಿ ನಿಲ್ಲದೆ, ಒರಗದೆ ನಡೆದುಹೋಗಬೇಕು. ಕೈಯಲ್ಲಿ ಹಿಡಿಯುವ ಡಿಟೆಕ್ಟರನ್ನು ಎದೆಯ ಮೇಲೆ ಹಿಡಿಯಬೇಡಿ ಅಂತ ಕಾವಲಿನವರಿಗೆ ಮೊದಲೇ ಹೇಳಬೇಕು.

ಆ ವಾಟ್ಸಾಪ್ ಮೆಸೇಜ್ ಕಳಿಸುವವರು ಕಾಳಜಿಯಿಂದಲೇ ಕಳಿಸುತ್ತಾರೆ. ಆದರೆ ಬೆಂಗಳೂರಿನ ನಮ್ಮ ಬೀದಿಯ ಏಳು ತಿಂಗಳ ಗರ್ಭಿಣಿಯೊಬ್ಬರು ಇದನ್ನೇ ನಂಬಿ, ಹಣ್ಣುಕಾಯಿ ಬುಟ್ಟಿ ಹಿಡಿದುಕೊಂಡು ಬಾಗಿಲಿನಿಂದಲೇ ವಾಪಸ್ ಬಂದರು. ನನಗೆ ತುಂಬಾ ಬೇಜಾರಾಯಿತು.