ಅವಳು ಯಾಕೆ ಕಿರುಚಲಿಲ್ಲ ಎಂದು ಕೇಳುವವರಿಗೆ

ಶನಿವಾರ ರಾತ್ರಿ ನಮ್ಮ ಮನೆಯ ಹಾಲಿನಲ್ಲಿ ನಡೆದದ್ದನ್ನು ಬರೆದು ಮುಗಿಸದಿದ್ದರೆ ಈ ವಾರವೂ ನನಗೆ ನಿದ್ದೆ ಬರುವ ಲಕ್ಷಣವಿಲ್ಲ. ಮೈದುನನ ಸಂಸಾರ ಬೆಂಗಳೂರಿನಿಂದ ಬಂದಿತ್ತು. ಊಟವಾದ ಮೇಲೆ "ಯಾವುದಾದರೂ ಥ್ರಿಲ್ಲರ್ ಹಾಕಿ ಅತ್ತಿಗೆ" ಎಂದವನು ಅವನೇ. ನಾನು ನೋಡಬೇಕೆಂದು ಬಹಳ ದಿನದಿಂದ ಎತ್ತಿಟ್ಟುಕೊಂಡಿದ್ದ 'ವುಮನ್ ಆಫ್ ದಿ ಅವರ್' ಹಾಕಿದೆ. ನಟಿ ಅನಾ ಕೆಂಡ್ರಿಕ್ ಮೊದಲ ಬಾರಿಗೆ ನಿರ್ದೇಶಿಸಿ, ತಾನೇ ಮುಖ್ಯ ಪಾತ್ರದಲ್ಲೂ ನಟಿಸಿರುವ ಈ ಸಿನಿಮಾ 2024ರ ಅಕ್ಟೋಬರಿನಲ್ಲಿ ನೆಟ್‌ಫ್ಲಿಕ್ಸಿಗೆ ಬಂತು. ಒಂದೂವರೆ ಗಂಟೆಯ ಚಿತ್ರ. ಅದನ್ನು ನೋಡಿ ಮುಗಿಸಲು ನಮಗೆ ಎರಡೂಕಾಲು ಗಂಟೆ ಹಿಡಿಯಿತು, ಏಕೆಂದರೆ ಹತ್ತು ನಿಮಿಷಕ್ಕೊಮ್ಮೆ ನಮ್ಮ ಮೈದುನ ಮಹಾಶಯರು ರಿಮೋಟ್ ಒತ್ತಿ ನಿಲ್ಲಿಸಿ, ಪರದೆಯ ಮೇಲಿನ ಹೆಂಗಸರಿಗೆ ಬುದ್ಧಿ ಹೇಳಬೇಕಾಗಿತ್ತು.

"ಅವಳು ಯಾಕೆ ಹೋದಳು?" "ಯಾಕೆ ನಗುತ್ತಿದ್ದಾಳೆ?" "ಕಿರುಚಬಾರದಿತ್ತಾ?" ಈ ಮೂರೇ ಪ್ರಶ್ನೆಗಳು. ಪಾತ್ರಗಳು ಬದಲಾದವು, ಊರು ಬದಲಾಯಿತು, ಇಸವಿ ಬದಲಾಯಿತು, ಪ್ರಶ್ನೆಗಳು ಮಾತ್ರ ಬದಲಾಗಲಿಲ್ಲ.

ಸಿನಿಮಾ ನೋಡದವರಿಗಾಗಿ ಸ್ವಲ್ಪ ಹೇಳುತ್ತೇನೆ. ರಾಡ್ನಿ ಅಲ್ಕಾಲಾ ಎಂಬ ನಿಜವಾದ ಸರಣಿ ಹಂತಕ ಅಮೆರಿಕದಲ್ಲಿದ್ದ. ಕೈಯಲ್ಲೊಂದು ಕ್ಯಾಮೆರಾ, ನಯವಾದ ಮಾತು, "ನಿಮ್ಮ ಫೋಟೋ ತೆಗೆಯಲೇ" ಎಂಬ ಕೋರಿಕೆ, ಇವೇ ಅವನ ಬಂಡವಾಳ. 1978ರಲ್ಲಿ ಅವನು 'ದಿ ಡೇಟಿಂಗ್ ಗೇಮ್' ಎಂಬ ಟೀವಿ ಕಾರ್ಯಕ್ರಮಕ್ಕೆ ಸ್ಪರ್ಧಿಯಾಗಿ ಬಂದ. ಮರೆಯಲ್ಲಿ ಕುಳಿತ ಮೂವರು ಗಂಡಸರಿಗೆ ಒಬ್ಬ ಯುವತಿ ಪ್ರಶ್ನೆ ಕೇಳಿ, ಮುಖ ನೋಡದೆ ಒಬ್ಬನನ್ನು ಆರಿಸಿಕೊಳ್ಳುವ ಆಟ ಅದು. ಆಕೆ ಆರಿಸಿಕೊಂಡದ್ದು ಅವನನ್ನೇ. ಆ ಹೊತ್ತಿಗಾಗಲೇ ಅವನು ಎಂಟು ವರ್ಷದ ಮಗುವಿನ ಮೇಲೆ ನಡೆಸಿದ ಹಲ್ಲೆಗಾಗಿ ಜೈಲು ಕಂಡು ಬಂದಿದ್ದ. ಎಫ್‌ಬಿಐಯ ಹತ್ತು ಮಂದಿ ಅತಿ ಬೇಕಾದ ಆರೋಪಿಗಳ ಪಟ್ಟಿಯಲ್ಲೂ ಒಮ್ಮೆ ಇದ್ದವನು. ಟೀವಿಯವರು ವಿಚಾರಿಸುವ ಗೋಜಿಗೆ ಹೋಗಲಿಲ್ಲ. ಆದರೆ ಆ ಯುವತಿಗೆ ತೆರೆಯ ಹಿಂದೆ ಅವನೊಂದಿಗೆ ನಾಲ್ಕು ಮಾತಾಡಿದಾಗ ಏನೋ ಸರಿಯಿಲ್ಲ ಅನ್ನಿಸಿತು. ಅವಳು ಅವನೊಂದಿಗೆ ಹೊರಗೆ ಹೋಗಲು ಒಪ್ಪಲಿಲ್ಲ. ಬದುಕಿಕೊಂಡಳು.

ಸಿನಿಮಾ ಈ ಭಾಗವನ್ನು ಬೆಳೆಸಿದೆ. ಇಬ್ಬರೂ ಕುಡಿಯಲು ಹೋಗುತ್ತಾರೆ, ಮಾತಿನ ನಡುವೆ ಅವಳಿಗೆ ಒಳಗೊಳಗೇ ಚಳಿ ಹುಟ್ಟುತ್ತದೆ, ಹೊರಡುವಾಗ ಅವನು ಕೇಳಿದ ಫೋನ್ ನಂಬರನ್ನು ಸುಳ್ಳು ಹೇಳುತ್ತಾಳೆ. ಕತ್ತಲೆಯಲ್ಲಿ ಕಾರಿನ ಕಡೆಗೆ ನಡೆಯುವಾಗ ಹಿಂದೆಯೇ ಬಂದವನು ಆ ನಂಬರನ್ನು ಇನ್ನೊಮ್ಮೆ ಹೇಳು ಎನ್ನುತ್ತಾನೆ. ಅಷ್ಟೇ ದೃಶ್ಯ. ರಕ್ತವಿಲ್ಲ, ಚಾಕುವಿಲ್ಲ, ಢಣ್ ಎನ್ನುವ ಹಿನ್ನೆಲೆ ಸಂಗೀತವಿಲ್ಲ. ನಾನು, ಓರಗಿತ್ತಿ ಮತ್ತು ಅವಳ ಮಗಳು ಮೂವರೂ ಸೋಫಾದ ಅಂಚಿಗೆ ಬಂದು ಉಸಿರು ಬಿಗಿಹಿಡಿದು ಕುಳಿತಿದ್ದೆವು. ಅದೇ ಕ್ಷಣದಲ್ಲಿ ನಮ್ಮ ಮೈದುನ ಆಕಳಿಸಿ, "ಏನೂ ನಡೆಯುತ್ತಲೇ ಇಲ್ಲವಲ್ಲ ಅತ್ತಿಗೆ" ಎಂದ.

ಏನೂ ನಡೆಯುತ್ತಿಲ್ಲವಂತೆ! ಮನೆಯಲ್ಲಿದ್ದ ಹೆಂಗಸರೆಲ್ಲರಿಗೂ ಪರದೆಯ ಮೇಲೆ ಜೀವನ್ಮರಣದ ಹೋರಾಟ ಕಾಣುತ್ತಿರುವಾಗ, ಅದೇ ಸೋಫಾದಲ್ಲಿ ಕುಳಿತ, ಎಂಜಿನಿಯರಿಂಗ್ ಓದಿದ, ನಾಲ್ಕು ಜನರ ಮೇಲೆ ಮ್ಯಾನೇಜರಾಗಿರುವ ಒಬ್ಬ ಗಂಡಸಿಗೆ ಅಲ್ಲಿ ಒಬ್ಬಳು ಹೆಂಗಸು ಕಾರಿನವರೆಗೆ ನಡೆದುಕೊಂಡು ಹೋಗುವುದು ಮಾತ್ರ ಕಾಣುತ್ತದೆ. ನನ್ನ ಸಿಟ್ಟು ಅವನೊಬ್ಬನ ಮೇಲಲ್ಲ. ಒಳ್ಳೆಯ ಹುಡುಗ, ನನ್ನ ಆಪರೇಷನ್ನಿನ ಸಮಯದಲ್ಲಿ ಮೂರು ರಾತ್ರಿ ಆಸ್ಪತ್ರೆಯ ಬೆಂಚಿನ ಮೇಲೆ ಮಲಗಿದವನು. ಅವನಿಗೇ ಕಾಣದಿದ್ದರೆ ಇನ್ನು ಯಾರಿಗೆ ಕಾಣುತ್ತದೆ ಎಂಬುದೇ ನನ್ನ ಸಂಕಟ.

ಕಿರುಚಬೇಕಿತ್ತು ಎನ್ನುವವರಿಗೆ ಈ ಸಿನಿಮಾದಲ್ಲೇ ಉತ್ತರವಿದೆ. ಸ್ಟುಡಿಯೋದ ಪ್ರೇಕ್ಷಕರ ನಡುವೆ ಒಬ್ಬಳು ಹುಡುಗಿ ಕುಳಿತಿದ್ದಾಳೆ. ಕೊಲೆಯಾದ ತನ್ನ ಗೆಳತಿಯ ಜೊತೆಯಲ್ಲಿ ಕೊನೆಯದಾಗಿ ಕಂಡ ಮನುಷ್ಯ ಇವನೇ ಎಂದು ಅವಳು ಗುರುತಿಸುತ್ತಾಳೆ. ನೀವೆಲ್ಲ ಬಯಸುವುದನ್ನೇ ಅವಳು ಮಾಡುತ್ತಾಳೆ, ಎದ್ದು ಹೋಗಿ ಹೇಳುತ್ತಾಳೆ. ಭದ್ರತಾ ಸಿಬ್ಬಂದಿಯವನು ಅವಳನ್ನು ದೊಡ್ಡ ಅಧಿಕಾರಿಗಾಗಿ ಕಾಯಲು ಕೂರಿಸುತ್ತಾನೆ. ಕೊನೆಗೆ ಬರುವವನು ಕಸ ಗುಡಿಸುವವನು. ಅವಳ ಮಾತು ಒಂದು ತಮಾಷೆಯಾಗಿ ಮುಗಿಯುತ್ತದೆ. ಕಿರುಚುವುದೇನೋ ಸರಿ ಸ್ವಾಮಿ, ಆದರೆ ಕಿವಿ ಎಲ್ಲಿದೆ?

ಕೊನೆಯ ಭಾಗದ ಹುಡುಗಿಯ ಮಾತಿಗೆ ಬರುತ್ತೇನೆ, ನಾನು ಇದನ್ನೆಲ್ಲ ಬರೆಯುತ್ತಿರುವುದೇ ಅವಳಿಗಾಗಿ. ಮನೆ ಬಿಟ್ಟು ಬಂದ ಹದಿಹರೆಯದವಳು. ಅವನು ಫೋಟೋ ನೆಪದಲ್ಲಿ ಅವಳನ್ನು ನಿರ್ಜನ ಬಯಲಿಗೆ ಕರೆದೊಯ್ದು, ಮೈಮೇಲೆ ಬಿದ್ದು, ಪ್ರಜ್ಞೆ ತಪ್ಪಿಸುತ್ತಾನೆ. ಅವಳಿಗೆ ಎಚ್ಚರವಾದಾಗ ಅವನು ಪಕ್ಕದಲ್ಲೇ ಕುಳಿತು ಅಳುತ್ತಿದ್ದಾನೆ. ಆ ಎಳೆಯ ಮುಖದ ಮೇಲೆ ಕ್ಯಾಮೆರಾ ನಿಲ್ಲುತ್ತದೆ. ಕಿರುಚಿದರೆ ಕೇಳುವವರು ಯಾರೂ ಇಲ್ಲ, ಓಡಿದರೆ ಹಿಡಿಯುತ್ತಾನೆ ಎಂಬ ಲೆಕ್ಕವೆಲ್ಲ ಅವಳ ಕಣ್ಣಿನಲ್ಲೇ ನಡೆದುಹೋಗುತ್ತದೆ. ಅವಳು ಮೆಲ್ಲಗೆ, ಇದನ್ನು ಯಾರಿಗೂ ಹೇಳಬೇಡ ಎಂದು ಅವನನ್ನೇ ಬೇಡಿಕೊಳ್ಳುತ್ತಾಳೆ, ನಾಚಿಕೆಯ ವಿಷಯ ತನ್ನದೇ ಎಂಬಂತೆ. ಅವನನ್ನು ಸಮಾಧಾನಪಡಿಸುತ್ತಾಳೆ. ಅವನ ಜೊತೆಗೇ ಕಾರು ಹತ್ತುತ್ತಾಳೆ. ದಾರಿಯಲ್ಲಿ ಕಾರು ನಿಂತಾಗ ಇಳಿದು ಓಡಿ ಹೋಗಿ ಪೊಲೀಸರನ್ನು ಕರೆಸುತ್ತಾಳೆ.

ಈ ದೃಶ್ಯದ ನಟ್ಟನಡುವೆ ರಿಮೋಟ್ ಒತ್ತಿದ ಮೈದುನ, "ನೋಡಿ, ಇಷ್ಟೆಲ್ಲ ಆದ ಮೇಲೂ ಅವನ ಜೊತೆಗೇ ಹೋಗುತ್ತಾಳಲ್ಲ, ಇವಳಿಗೆ ತಲೆ ಕೆಟ್ಟಿದೆಯಾ?" ಎಂದ. ಆಗ ಮೂಲೆಯಿಂದ ಒಂದು ಧ್ವನಿ ಬಂತು. ನಮ್ಮತ್ತೆಗೆ ಎಪ್ಪತ್ತೊಂಬತ್ತು. ಇಂಗ್ಲಿಷ್ ಬಾರದು. ಭಾನುವಾರದ ಹುಳಿಗೆ ಅವರೆಕಾಳು ಹಿದುಕುತ್ತಾ, ಪರದೆಯನ್ನು ನೋಡಿಯೂ ನೋಡದ ಹಾಗೆ ಕುಳಿತಿದ್ದರು. ತಲೆ ಎತ್ತದೆಯೇ "ಸುಮ್ನಿರೋ, ಅವಳು ಅವನನ್ನ ಸಂಭಾಳಿಸ್ತಾ ಇದಾಳೆ" ಎಂದರು. ಒಂದೇ ಒಂದು ಸಂಭಾಷಣೆ ಅರ್ಥವಾಗದ ಮುದುಕಿಗೆ ಆ ದೃಶ್ಯ ಪೂರ್ತಿ ಅರ್ಥವಾಗಿತ್ತು.

ಇದು ಕಲ್ಪನೆಯಲ್ಲ. 1979ರ ಫೆಬ್ರವರಿಯಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹದಿನೈದು ವರ್ಷದ ಒಬ್ಬಳು ಹುಡುಗಿ ನಿಜವಾಗಿಯೂ ಹೀಗೆಯೇ ಅವನ ಕೈಯಿಂದ ತಪ್ಪಿಸಿಕೊಂಡು ಪೊಲೀಸರಿಗೆ ತಿಳಿಸಿದಳು. ಅವನನ್ನು ಬಂಧಿಸಿದರು. ಅವನ ತಾಯಿ ಹಣ ಕಟ್ಟಿ ಜಾಮೀನಿನ ಮೇಲೆ ಬಿಡಿಸಿಕೊಂಡಳು. ಜೂನ್ ತಿಂಗಳಿನಲ್ಲಿ ಅವನು ಹನ್ನೆರಡು ವರ್ಷದ ಒಂದು ಮಗುವನ್ನು ಕೊಂದ. ಹದಿನೈದರ ಹುಡುಗಿ ತನ್ನ ಪಾಲಿನ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿ ಮುಗಿಸಿದ್ದಳು. ಮಾಡದೆ ಉಳಿದವರು ಸಂಬಳ ಪಡೆಯುತ್ತಿದ್ದ ದೊಡ್ಡವರು. ಮುಂದೆ ಅವನಿಗೆ 1980ರಲ್ಲೊಮ್ಮೆ, 1986ರಲ್ಲೊಮ್ಮೆ ಮರಣದಂಡನೆಯಾಗಿ ಎರಡೂ ರದ್ದಾದವು. 2010ರಲ್ಲಿ ಐದು ಕೊಲೆಗಳಿಗಾಗಿ ಮೂರನೆಯ ಬಾರಿ ಶಿಕ್ಷೆಯಾಯಿತು. 2021ರಲ್ಲಿ ಸಹಜ ಕಾರಣಗಳಿಂದ ಸತ್ತ. ಇಷ್ಟು ದೀರ್ಘವಾದ ಕಥೆಯಲ್ಲಿ ನಮ್ಮವರಿಗೆ ಕೇಳಬೇಕೆನಿಸುವ ಪ್ರಶ್ನೆ ಮಾತ್ರ ಅವಳು ಯಾಕೆ ಕಾರು ಹತ್ತಿದಳು ಎಂಬುದು.

ಹತ್ತಿದಳು, ಏಕೆಂದರೆ ಬದುಕುವುದಕ್ಕೆ ಇದ್ದ ದಾರಿ ಅದೊಂದೇ.

ಅಮೆರಿಕದ ಮಾತು ಬಿಡಿ ಎನ್ನುವವರಿಗೆ, ನಾನು ಬಂಟ್ವಾಳದ ಕಡೆಯವಳು ಎಂಬುದನ್ನು ನೆನಪಿಸುತ್ತೇನೆ. 2009ರ ಅಕ್ಟೋಬರಿನಲ್ಲಿ ಸಯನೈಡ್ ಮೋಹನ ಸಿಕ್ಕಿಬಿದ್ದಾಗ ಊರಿನಲ್ಲಿ ನಡೆದ ಮಾತುಕತೆಗಳನ್ನು ನಾನು ಕಿವಿಯಾರೆ ಕೇಳಿದ್ದೇನೆ. ಶಾಲಾ ಶಿಕ್ಷಕನಾಗಿದ್ದವನು, ವರದಕ್ಷಿಣೆ ಬೇಡ, ಮದುವೆಯಾಗುತ್ತೇನೆ ಎಂದು ನಂಬಿಸಿ, ದೂರದ ಊರಿನ ಲಾಡ್ಜಿಗೆ ಕರೆದೊಯ್ದು, ಬೆಳಿಗ್ಗೆ ಒಡವೆ ಬಿಚ್ಚಿಡಿಸಿ, ಬಸ್ ನಿಲ್ದಾಣದ ಶೌಚಾಲಯದಲ್ಲಿ ನುಂಗು ಎಂದು ಗರ್ಭ ನಿಲ್ಲದಿರುವ ಮಾತ್ರೆಯ ಹೆಸರಿನಲ್ಲಿ ಸಯನೈಡ್ ಕೊಡುತ್ತಿದ್ದ. ಇಪ್ಪತ್ತು ಮಂದಿ ಹೆಣ್ಣುಮಕ್ಕಳು. ಒಂದೊಂದು ಊರಿನ ಬಸ್ ನಿಲ್ದಾಣದಲ್ಲಿ ಬಾಗಿಲು ಮುರಿದು ಶವ ತೆಗೆದಾಗಲೂ ಅದೊಂದು ಅಸಹಜ ಸಾವಾಗಿ ಕಡತ ಸೇರಿತು. ಆರು ವರ್ಷಗಳ ಕಾಲ ಆ ಸಾವುಗಳನ್ನು ಯಾರೂ ಜೋಡಿಸಿ ನೋಡಲಿಲ್ಲ. ಆಗಲೂ ನಮ್ಮ ಮದುವೆಮನೆಗಳ ಊಟದ ಪಂಕ್ತಿಯಲ್ಲಿ ಕೇಳಿದ್ದು "ಅಷ್ಟು ಬೇಗ ನಂಬುವುದಾ?", "ಮನೆಯಲ್ಲಿ ಹೇಳದೆ ಹೋಗುವುದಾ?" ಎಂಬ ಮಾತುಗಳೇ. ವರದಕ್ಷಿಣೆ ಬೇಡ ಎಂದವನು ದೇವರಂತೆ ಕಾಣುವ ಸ್ಥಿತಿಗೆ ಆ ಹುಡುಗಿಯರನ್ನು ತಂದವರು ಯಾರು ಎಂದು ಪಾಯಸ ಬಡಿಸಿಕೊಳ್ಳುತ್ತಿದ್ದವರು ಯಾರೂ ಕೇಳಿಕೊಳ್ಳಲಿಲ್ಲ.

ಒಂದು ಆಕ್ಷೇಪಣೆ ಬರುತ್ತದೆಂದು ಗೊತ್ತು, ಶನಿವಾರವೇ ಬಂದಾಯಿತು. ಕೊಲೆಗಾರ ಯಾರೆಂದು ಮೊದಲ ದೃಶ್ಯದಲ್ಲೇ ತೋರಿಸಿಬಿಟ್ಟರೆ, ಕಥೆ ಹಿಂದಕ್ಕೂ ಮುಂದಕ್ಕೂ ಜಿಗಿಯುತ್ತಿದ್ದರೆ, ಅದೆಂಥ ಸಸ್ಪೆನ್ಸ್ ಎಂಬುದು. ಜಿಗಿತ ಸ್ವಲ್ಪ ಹೆಚ್ಚಾಯಿತೆಂದು ನಾನೂ ಒಪ್ಪುತ್ತೇನೆ, ಓರಗಿತ್ತಿ ಎರಡು ಬಾರಿ ಇದು ಯಾವ ವರ್ಷ ಎಂದು ಕೇಳಿದಳು. ಆದರೆ ಕೊಲೆಗಾರ ಯಾರು ಎಂಬುದೊಂದೇ ಕುತೂಹಲ ಎಂದು ನಿಮಗೆ ಕಲಿಸಿದವರು ಯಾರು? ನಮ್ಮ ಥ್ರಿಲ್ಲರುಗಳನ್ನೇ ನೋಡಿ. ಮೊದಲ ಐದು ನಿಮಿಷದಲ್ಲಿ ಮಳೆ, ಗೆಜ್ಜೆಯ ಸದ್ದು, ಒಂದು ಹೆಣ್ಣಿನ ಕಿರುಚಾಟ. ಅಲ್ಲಿಗೆ ಅವಳ ಕೆಲಸ ಮುಗಿಯಿತು, ಪೋಸ್ಟ್‌ಮಾರ್ಟಂ ಮೇಜಿನ ಮೇಲೆ ಹೋಗಿ ಮಲಗಬೇಕು. ಆಮೇಲೆ ಕಪ್ಪು ಕನ್ನಡಕದ ಅಧಿಕಾರಿ ಜೀಪಿನಿಂದ ನಿಧಾನಗತಿಯಲ್ಲಿ ಇಳಿಯುತ್ತಾನೆ. ಅವಳು ಚೆನ್ನಾಗಿಯೇ ಕಿರುಚಿದಳಲ್ಲ, ಉಳಿದಳೇ? ಅವನು ಎಂಥವನೆಂದು ನನಗೆ ತಿಳಿದಿದೆ, ನನಗೆ ತಿಳಿದಿದೆ ಎಂಬುದು ಮಾತ್ರ ಅವನಿಗೆ ತಿಳಿಯಬಾರದು ಎಂದು ಒಬ್ಬಳು ತನ್ನ ಮುಖದ ಒಂದೊಂದು ಗೆರೆಯನ್ನೂ ಕಾದುಕೊಂಡು ಕೂರುತ್ತಾಳಲ್ಲ, ಅದಕ್ಕಿಂತ ದೊಡ್ಡ ಸಸ್ಪೆನ್ಸ್ ನನಗೆ ಗೊತ್ತಿಲ್ಲ.

ಇಷ್ಟು ಖಚಿತವಾಗಿ ಹೇಗೆ ಹೇಳುತ್ತೀರಿ ಮೇಡಂ ಎನ್ನಬಹುದು. ಹೇಳುತ್ತೇನೆ. ಇದನ್ನು ನಮ್ಮ ಯಜಮಾನರೂ ಈಗಲೇ, ನಿಮ್ಮೆಲ್ಲರ ಜೊತೆಯಲ್ಲೇ ಓದುತ್ತಿದ್ದಾರೆ.

1998ರಲ್ಲಿ ನನಗೆ ಬ್ಯಾಂಕಿನಲ್ಲಿ ಮೊದಲ ಪೋಸ್ಟಿಂಗ್ ಮಲೆನಾಡಿನ ಒಂದು ಸಣ್ಣ ಊರಿಗಾಗಿತ್ತು. ವರ್ಷಾಂತ್ಯದ ಲೆಕ್ಕ ತಾಳೆಯಾಗದೆ ಒಂದು ಸಂಜೆ ಕೊನೆಯ ಬಸ್ಸು ತಪ್ಪಿತು. ಶಾಖೆಗೆ ಬರುತ್ತಿದ್ದ ಒಬ್ಬ ಗ್ರಾಹಕ ಜೀಪು ನಿಲ್ಲಿಸಿ, ಬಿಡುತ್ತೇನೆ ಬನ್ನಿ ಎಂದ. ಮುಖಪರಿಚಯವಿತ್ತು, ಹತ್ತಿದೆ. ನಾನು ಇಳಿಯಬೇಕಾದ ತಿರುವು ಬಂತು, ಜೀಪು ನಿಲ್ಲಲಿಲ್ಲ. "ಒಂದು ಸುತ್ತು ಹಾಕಿಕೊಂಡು ಹೋಗೋಣ" ಎಂದ. ನಾನು ಕಿರುಚಲಿಲ್ಲ. ನಕ್ಕೆ. ಅವನನ್ನು ಅಣ್ಣಾ ಎಂದು ಕರೆದೆ. ಈ ಸಲ ಕಾಫಿಗೆ ರೇಟು ಹೇಗಿದೆ, ಮೆಣಸು ಹೇಗಿದೆ ಎಂದು ಕೇಳಿದೆ. ನಮ್ಮಣ್ಣ ಪೊಲೀಸ್ ಸಬ್ ಇನ್ಸ್‌ಪೆಕ್ಟರ್, ಇವತ್ತು ರೂಮಿಗೆ ಬಂದು ಕಾಯುತ್ತಿದ್ದಾನೆ ಎಂದೆ. ನನಗೆ ಅಣ್ಣನೇ ಇಲ್ಲ. ಮನೆಮಾಲೀಕರ ಫೋನ್ ನಂಬರು ಕೇಳಿದ, ಕೊಟ್ಟೆ, ಒಂದು ಅಂಕಿ ಬದಲಿಸಿ. ಮುಕ್ಕಾಲು ಗಂಟೆಯ ನಂತರ ಅವನು ನನ್ನನ್ನು ಅದೇ ತಿರುವಿನಲ್ಲಿ ಇಳಿಸಿದ. "ಥ್ಯಾಂಕ್ಸ್ ಅಣ್ಣಾ" ಎಂದು ಕೈಬೀಸಿದೆ. ರೂಮಿಗೆ ಬಂದು ನೋಡಿದರೆ ಊಟದ ಡಬ್ಬಿಯ ಹಿಡಿ ಅಂಗೈಯಲ್ಲಿ ಕೆಂಪಗೆ ಅಚ್ಚೊತ್ತಿತ್ತು.

ಅವನ ಮನಸ್ಸಿನಲ್ಲಿ ಏನಿತ್ತೋ ನನಗೆ ಇಂದಿಗೂ ಗೊತ್ತಿಲ್ಲ. ಮರುವಾರ ಅವನು ಕೌಂಟರಿಗೆ ಬಂದಾಗ ನಗುತ್ತಲೇ ಹಣ ಎಣಿಸಿಕೊಟ್ಟೆ. ಇಷ್ಟು ವರ್ಷ ಯಾರಿಗೂ ಹೇಳಲಿಲ್ಲ, ಅಮ್ಮನಿಗೂ ಹೇಳಲಿಲ್ಲ. ಹೇಳಿದರೆ ಮೊದಲು ಬರುವ ಪ್ರಶ್ನೆ ಯಾವುದೆಂದು ಗೊತ್ತಿತ್ತು: ಜೀಪು ಹತ್ತಿದ್ದು ಯಾಕೆ?

ಶನಿವಾರವೂ ಹೇಳಲಿಲ್ಲ. ಸಿನಿಮಾ ಮುಗಿದು ಎಲ್ಲರೂ ಮಲಗಲು ಎದ್ದ ಮೇಲೆ ಅಡುಗೆಮನೆಯಲ್ಲಿ ಅತ್ತೆಯ ಪಕ್ಕ ಕುಳಿತು ಉಳಿದ ಅವರೆಕಾಳು ಹಿದುಕಿದೆ. "ಅವಳು ಸಂಭಾಳಿಸುತ್ತಿದ್ದಾಳೆ ಅಂತ ನಿಮಗೆ ಹೇಗೆ ಗೊತ್ತಾಯಿತು ಅತ್ತೆ?" ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಸಿಪ್ಪೆಯನ್ನೆಲ್ಲ ಒಂದು ಕಡೆಗೆ ಸರಿಸಿ, ಬಾಗಿಲ ಕಡೆ ಒಮ್ಮೆ ನೋಡಿ, "ನನಗಾಗ ಹದಿನೇಳು" ಎಂದು ಶುರುಮಾಡಿದರು. ಆ ಕಥೆ ಅವರದು, ಇಲ್ಲಿ ಬರೆಯುವುದಿಲ್ಲ.